ಎರಡು ಟನ್ ಗಾಡಿ, ಅಂಗೈಯಗಲ ನೆಲ

ಎಸ್‌ಯುವಿ ಕೊಳ್ಳಲು ಶೋರೂಮಿಗೆ ಹೋದವರು ಸನ್‌ರೂಫ್ ಇದೆಯೇ ಎಂದು ಕೇಳುತ್ತಾರೆ, ಸ್ಕ್ರೀನ್ ಎಷ್ಟು ಇಂಚು ಎಂದು ಕೇಳುತ್ತಾರೆ, ಮೈಲೇಜನ್ನಂತೂ ಕೇಳಿಯೇ ಕೇಳುತ್ತಾರೆ. ಟೈರಿನ ಮಾತು ಬರುವುದು ಮೂರ್ನಾಲ್ಕು ವರ್ಷ ಕಳೆದ ಮೇಲೆ, ಸರ್ವಿಸ್‌ನವರು ‘ಸಾರ್, ಟೈರ್ ಮುಗೀತು’ ಎಂದಾಗ. ದೊಡ್ಡ ಎಸ್‌ಯುವಿಯಾದರೆ ನಾಲ್ಕಕ್ಕೆ ಅರ್ಧ ಲಕ್ಷ ಬಿಲ್ಲಾಗುವುದು ಅಪರೂಪವೇನಲ್ಲ. ಆಗ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ: ‘ಯಾವ ಕಂಪನಿದು ಒಳ್ಳೇದು? ಎಷ್ಟು ಸಾವಿರ ಓಡುತ್ತೆ?’

ಅಂಗಡಿಯವರು ಒಂದು ಅಂಕಿ ಹೇಳಿಬಿಡುತ್ತಾರೆ. ಆದರೆ ಅದೇ ಮಾಡೆಲ್ ಗಾಡಿಗೆ ಅದೇ ಕಂಪನಿಯ ಟೈರು ಹಾಕಿಸಿದ ಇಬ್ಬರಲ್ಲಿ ಒಬ್ಬರಿಗೆ ಅದು ಇನ್ನೊಬ್ಬರ ಎರಡರಷ್ಟು ದೂರ ಬಾಳಿಕೆ ಬರುವುದುಂಟು. ಕಂಪನಿ ಒಂದೇ ಆಗಿದ್ದ ಮೇಲೆ ವ್ಯತ್ಯಾಸ ಬಂದದ್ದು ಎಲ್ಲಿಂದ? ಟೈರಿನ ಆಯಸ್ಸಿನ ದೊಡ್ಡ ಪಾಲು ಕಾರ್ಖಾನೆಯಲ್ಲಿ ನಿರ್ಧಾರವಾಗುವುದಿಲ್ಲ. ಪೆಟ್ರೋಲ್ ಬಂಕಿನ ಗಾಳಿ ಪೈಪಿನ ಬಳಿ, ಅಲೈನ್‌ಮೆಂಟ್ ಯಂತ್ರದ ಮೇಲೆ ಮತ್ತು ನಮ್ಮ ಬಲಗಾಲಿನ ಕೆಳಗೆ ಆಗುತ್ತದೆ. ಬ್ರ್ಯಾಂಡಿನ ಚರ್ಚೆಗೆ ನಾವು ಕೊಡುವ ಸಮಯದ ಹತ್ತನೇ ಒಂದು ಪಾಲನ್ನು ಇವುಗಳಿಗೆ ಕೊಟ್ಟರೂ ಸಾಕಿತ್ತು.

ಒಂದು ಲೆಕ್ಕ ನೋಡೋಣ. ಜನ, ಲಗೇಜು ಸೇರಿ ಎರಡು ಟನ್ ತೂಗುವ ಗಾಡಿ. ಟೈರಿನಲ್ಲಿ 33 ಪಿಎಸ್‌ಐ ಗಾಳಿ, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. ಗಾಡಿಯ ಭಾರವನ್ನು ಬಹುಮಟ್ಟಿಗೆ ಹೊರುವುದು ರಬ್ಬರಲ್ಲ, ಒಳಗಿನ ಈ ಗಾಳಿ. ಎರಡು ಸಾವಿರ ಕಿಲೋವನ್ನು 2.3ರಿಂದ ಭಾಗಿಸಿ ನಾಲ್ಕು ಚಕ್ರಕ್ಕೆ ಹಂಚಿ: ಒಂದೊಂದು ಟೈರು ನೆಲ ಮುಟ್ಟುವ ಜಾಗ 215 ಚದರ ಸೆಂಟಿಮೀಟರಿನ ಆಸುಪಾಸು, ಬೆರಳು ಚಾಚಿದ ದೊಡ್ಡ ಅಂಗೈಯಷ್ಟು. ಚಾರ್ಮಾಡಿಯ ತಿರುವಿನಲ್ಲಿ ಗಾಡಿಯನ್ನು ರಸ್ತೆಗೆ ಹಿಡಿದು ನಿಲ್ಲಿಸುವುದು, ಎದುರಿಗೆ ಹಸು ಬಂದಾಗ ಬ್ರೇಕ್ ಕಚ್ಚುವುದು ಎಲ್ಲವೂ ಈ ನಾಲ್ಕು ತುಣುಕುಗಳಿಂದ. ಏರ್‌ಬ್ಯಾಗ್ ಆರಿರಲಿ, ಎಬಿಎಸ್ ಇರಲಿ, ಅವಕ್ಕೂ ಇದಕ್ಕಿಂತ ಹೆಚ್ಚಿನ ನೆಲ ಸಿಗುವುದಿಲ್ಲ.

ಇನ್ನು ಅದರ ದುಡಿಮೆ. ಹಲವು ಎಸ್‌ಯುವಿಗಳಿಗೆ ಬರುವ 235/65 ಆರ್17 ಸೈಜನ್ನೇ ತೆಗೆದುಕೊಳ್ಳಿ. 235 ಎಂದರೆ ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65. 17 ಎಂದರೆ ಇಂಚಿನಲ್ಲಿ ರಿಮ್. ಈ ಚಕ್ರ ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತದೆ. ನಲವತ್ತು ಸಾವಿರ ಕಿಲೋಮೀಟರ್ ಮುಗಿಸುವ ಹೊತ್ತಿಗೆ ಒಂದು ಕೋಟಿ ಎಪ್ಪತ್ತು ಲಕ್ಷ ಸಲ ತಿರುಗಿರುತ್ತದೆ. ಪ್ರತಿ ಸುತ್ತಿನಲ್ಲೂ ಪಕ್ಕದ ಗೋಡೆ ಒಮ್ಮೆ ಮಡಚಿ, ಮತ್ತೆ ನೇರವಾಗುತ್ತದೆ. ಗಾಳಿ ಕಮ್ಮಿಯಿದ್ದರೆ ಈ ಮಡಚುವಿಕೆ ಹೆಚ್ಚು, ಮಡಚಿದಷ್ಟೂ ಬಿಸಿ. ಟೈರನ್ನು ಕೊಲ್ಲುವುದು ಆ ಬಿಸಿ.

ಎಸ್‌ಯುವಿಗೆ ಇದು ಇನ್ನೂ ಕಷ್ಟ. ಗಾಡಿ ಭಾರ, ಮೈ ಎತ್ತರ. ತಿರುವಿನಲ್ಲಿ ತೂಕವೆಲ್ಲ ಹೊರಗಿನ ಚಕ್ರಗಳ ಭುಜದ ಮೇಲೆ ಕೂರುತ್ತದೆ. ಘಟ್ಟದ ರಸ್ತೆಯಲ್ಲಿ ಹೆಚ್ಚು ಓಡುವ ಗಾಡಿಯ ಮುಂದಿನ ಟೈರುಗಳ ಭುಜ ಮೊದಲು ದುಂಡಗಾಗುವುದು ಇದರಿಂದಲೇ. ಎಲೆಕ್ಟ್ರಿಕ್ ಎಸ್‌ಯುವಿಗಳಲ್ಲಿ ಬ್ಯಾಟರಿಯ ಭಾರವೂ ಸೇರಿಕೊಂಡಿದೆ, ಕಾಲಿಟ್ಟ ಕೂಡಲೇ ಪೂರ್ತಿ ಟಾರ್ಕ್ ಬೇರೆ. ಸಿಗ್ನಲ್ ಬಿಟ್ಟಾಗ ಚಿಮ್ಮುವ ಖುಷಿಗೆ ಬೆಲೆ ತೆರುವುದು ರಬ್ಬರು.

ಕೈ ಹೇಳುವ ಕತೆ

ಹಾಸನದ ಬೈಪಾಸಿನ ಹತ್ತಿರ ಒಂದು ಟೈರ್ ಅಂಗಡಿ. ಬೆಂಗಳೂರು ನೋಂದಣಿಯ ಗಾಡಿಯೊಂದು ಬಂದು ನಿಂತಿತ್ತು. ಸಕಲೇಶಪುರದ ಕಡೆ ಹೊರಟಿದ್ದ ಕುಟುಂಬ. ‘ಸ್ಟಿಯರಿಂಗ್ ಎಡಕ್ಕೆ ಎಳೀತಿದೆ’ ಎಂಬುದು ದೂರು. ಫಿಟ್ಟರ್ ಜಾಕ್ ಹಾಕುವ ಮುಂಚೆ ಕುಕ್ಕರುಗಾಲಲ್ಲಿ ಕೂತು, ಮುಂದಿನ ಚಕ್ರದ ಮೇಲೆ ಕೈಯಾಡಿಸಿದರು. ಆಮೇಲೆ ಮಾಲೀಕರನ್ನು ಕರೆದರು. ‘ಕೈ ಇಡಿ ಸಾರ್. ಹೊರಗಿಂದ ಒಳಕ್ಕೆ ಸವರಿ. ನುಣ್ಣಗಿದೆಯಾ? ಈಗ ಒಳಗಿಂದ ಹೊರಕ್ಕೆ ತನ್ನಿ. ಗರಗಸ ಮುಟ್ಟಿದ ಹಾಗಾಗಲ್ವಾ?’ ಮಾಲೀಕರು ಕೈ ಹಿಂದಕ್ಕೆಳೆದುಕೊಂಡರು. ‘ಟೋ ಇನ್ ಆಗಿದೆ ಸಾರ್, ಚಕ್ರ ಎರಡೂ ಒಳಮುಖ ನೋಡ್ತಿವೆ. ಗುಂಡಿಗೆ ಬಿದ್ದಿದ್ದು ಯಾವಾಗ?’

ಅವರಿಗೆ ನೆನಪಿರಲಿಲ್ಲ. ಬೆಂಗಳೂರಿನಲ್ಲಿ ಯಾವ ಗುಂಡಿ ಎಂದು ನೆನಪಿಟ್ಟುಕೊಳ್ಳುವುದು? ಹೊರಗಿನ ಭುಜ ಬೋಳಾಗಿತ್ತು, ನಡುವಿನ ಟ್ರೆಡ್ ಇನ್ನೂ ಆಳವಾಗಿತ್ತು. ಚಕ್ರ ತುಸುವೇ ಓರೆಯಾಗಿ ನಿಂತರೂ ಪ್ರತಿ ಸುತ್ತಿನಲ್ಲಿ ಅಷ್ಟಷ್ಟು ರಬ್ಬರು ರಸ್ತೆಗೆ ಉಜ್ಜುತ್ತಲೇ ಇರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಅಲೈನ್‌ಮೆಂಟ್ ಟೈರ್ ತಿಂದಿದೆ’ ಎನ್ನುತ್ತಾರೆ. ನಾಲ್ಕು ತಿಂಗಳ ಮೊದಲು ಬಂದಿದ್ದರೆ ಅಲೈನ್‌ಮೆಂಟ್ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ ಎರಡು ಹೊಸ ಟೈರಿಗೆ ಬಂದು ನಿಂತಿತು.

ಸವೆತ ಓದಲು ಬಂದವರಿಗೆ ಟೈರು ತನ್ನ ಚರಿತ್ರೆಯನ್ನೆಲ್ಲ ಹೇಳಿಬಿಡುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಅತಿಯಾಗಿದೆ. ಎರಡೂ ಭುಜ ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ. ಒಂದೇ ಪಕ್ಕ ತಿಂದಿದ್ದರೆ ಕ್ಯಾಂಬರ್ ಅಥವಾ ಟೋ ಅನ್ನು ಅನುಮಾನಿಸಬೇಕು. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದು, ಓಡುವಾಗ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಅದನ್ನು ಬಿಟ್ಟು ಟೈರು ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಅದಲು ಬದಲು ಮಾಡಿಸಬೇಕು. ಇಂದಿನ ಬಹುಪಾಲು ಮಧ್ಯಮ ಎಸ್‌ಯುವಿಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳಿಂದ. ಎಳೆಯುವುದೂ ಅವೇ, ತಿರುಗುವುದೂ ಅವೇ, ಬ್ರೇಕಿನ ಹೆಚ್ಚಿನ ಹೊರೆಯೂ ಅವಕ್ಕೇ. ಹಾಗಾಗಿ ಬೇಗ ಮುಗಿಯುತ್ತವೆ. ಸ್ಟೆಪ್ನಿಯೂ ಅದೇ ಸೈಜಿನದಾಗಿದ್ದರೆ ಅದನ್ನೂ ಸುತ್ತಿಗೆ ಸೇರಿಸಬಹುದು. ಫೋರ್ ವ್ಹೀಲ್ ಡ್ರೈವ್ ಗಾಡಿಗಳಿಗಂತೂ ಇದು ಕಡ್ಡಾಯವೆಂದೇ ತಿಳಿಯಬೇಕು. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ವ್ಯತ್ಯಾಸ ಬಂದರೆ ಅದರ ಏಟು ಡಿಫರೆನ್ಷಿಯಲ್‌ಗೆ ಬೀಳುತ್ತದೆ, ಆ ಬಿಲ್ಲಿನ ಮುಂದೆ ಟೈರಿನ ಬಿಲ್ಲು ಚಿಲ್ಲರೆ.

ಎರಡೇ ಟೈರು ಹೊಸದು ಹಾಕಿಸುವುದಾದರೆ ಎಲ್ಲಿ ಹಾಕಿಸಬೇಕು? ಹತ್ತರಲ್ಲಿ ಒಂಬತ್ತು ಅಂಗಡಿಗಳಲ್ಲಿ ಮುಂದಕ್ಕೆ ಹಾಕುತ್ತಾರೆ. ಟೈರು ತಯಾರಕರು ಹೇಳುವುದು ಹಿಂದಕ್ಕೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ಮರಳುವ ಸಾಧ್ಯತೆ ಇದೆ. ಹಿಂದಿನದು ಜಾರಿದರೆ ಗಾಡಿ ಗಿರಗಿಟ್ಟಲೆ ತಿರುಗುತ್ತದೆ; ಅದನ್ನು ಸಂಭಾಳಿಸುವುದು ನನ್ನ ನಿಮ್ಮಂಥ ಸಾಧಾರಣ ಚಾಲಕರ ಕೈಲಾಗದ್ದು.

‘35 ಹಾಕ್ಬಿಡಪ್ಪ’

ಗಾಳಿಯ ವಿಷಯದಲ್ಲಿ ನಮ್ಮಲ್ಲಿ ನಡೆಯುವುದು ಅಂದಾಜು. ಬಂಕಿನ ಹುಡುಗ ‘ಎಷ್ಟು ಸಾರ್?’ ಎನ್ನುತ್ತಾನೆ, ನಾವು ‘35 ಹಾಕ್ಬಿಡಪ್ಪ’ ಎನ್ನುತ್ತೇವೆ. ಸರಿಯಾದ ಅಂಕಿ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿದೆ, ಕೆಲವು ಗಾಡಿಗಳಲ್ಲಿ ಇಂಧನದ ಮುಚ್ಚಳದ ಒಳಗಿದೆ. ಇಬ್ಬರು ಕೂತಾಗ ಒಂದು, ತುಂಬಿದ ಗಾಡಿಗೆ ಇನ್ನೊಂದು. ಟೈರಿನ ಮೈಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಅದು ತಡೆಯಬಲ್ಲ ಗರಿಷ್ಠ ಒತ್ತಡ. ಅದನ್ನು ಹಾಕಿಸಿಕೊಂಡು ಓಡಾಡುವವರೂ ಇದ್ದಾರೆ.

ಅಳೆಯಬೇಕಾದ್ದು ಟೈರು ತಣ್ಣಗಿದ್ದಾಗ. ಸುಮಾರು ಐದಾರು ಡಿಗ್ರಿ ಬಿಸಿ ಏರಿದರೆ ಒಂದು ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ಓಡಿ ಬಂದ ಟೈರು ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಅದನ್ನು ಕಂಡು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಗಾಳಿ ಕಮ್ಮಿಯ ಟೈರಿನಲ್ಲಿ ಹೊರಡುತ್ತೀರಿ. ಪಂಕ್ಚರ್ ಇಲ್ಲದಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ. ಗಾಡಿಯಲ್ಲಿ ಟೈರಿನ ಒತ್ತಡದ ಮೇಲೆ ಕಣ್ಣಿಡುವ ಟಿಪಿಎಂಎಸ್ ಇದೆ, ದೀಪ ಹತ್ತಿದಾಗ ನೋಡಿದರಾಯಿತು ಎನ್ನುವವರಿಗೆ: ಆ ದೀಪ ಹತ್ತುವುದು ಒತ್ತಡ ಸಾಕಷ್ಟು ಕುಸಿದ ಮೇಲೆ. ಭುಜ ಸವೆಯಲು ಅಷ್ಟು ಕುಸಿಯಬೇಕಿಲ್ಲ.

ನೈಟ್ರೋಜನ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೊಂದಿದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಸಿಕ್ಕರೆ ಹಾಕಿಸಿ, ಆದರೆ ನೈಟ್ರೋಜನ್ ಸಿಗಲಿಲ್ಲವೆಂದು ಕಮ್ಮಿ ಗಾಳಿಯಲ್ಲೇ ಮುಂದಿನ ಊರಿನ ತನಕ ಓಡಿಸುವುದು ದಡ್ಡತನ. ‘ಕಾಂಕ್ರೀಟ್ ರಸ್ತೆಯಲ್ಲಿ ಟೈರು ಸಿಡಿಯುತ್ತದೆ’ ಎಂಬ ವಾಟ್ಸ್‌ಆ್ಯಪ್ ಮಾತಿಗೂ ಇಲ್ಲೇ ಉತ್ತರವಿದೆ. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ದಾಟಿದ ಬೇಸಿಗೆಯಲ್ಲಿ, ಹಳೆಯ ಟೈರಿನಲ್ಲಿ, ಗಾಳಿ ಕಮ್ಮಿಯಿಟ್ಟು, ಗಾಡಿ ತುಂಬ ಜನರನ್ನು ಹೇರಿ ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ ಅದು ಸಿಡಿಯಲು ಕಾಂಕ್ರೀಟೇ ಬೇಕೆಂದಿಲ್ಲ.

ಬಟನ್ ಟೈರಿನ ಮೋಹ

ಈಗ ಎಲ್ಲರ ಕಣ್ಣು ‘ಎಟಿ’ ಟೈರಿನ ಮೇಲೆ. ಥಾರ್ ಬಂದ ಮೇಲೆ ಇದು ಜೋರಾಗಿದೆ. ಅದರ 255/65 ಆರ್18 ಸೈಜಿನ ಟೈರು ಕಾರ್ಖಾನೆಯಿಂದಲೇ ಆಲ್ ಟೆರೇನ್. ಥಾರಿಗೆ ಅದು ಒಪ್ಪುತ್ತದೆ. ಆದರೆ ವೈಟ್‌ಫೀಲ್ಡಿನಿಂದ ಜಯನಗರಕ್ಕೆ ಓಡಾಡುವ ಮನೆಮಂದಿಯ ಗಾಡಿಗೆ ಉಬ್ಬುಬ್ಬಿದ ದಿಮ್ಮಿಗಳ ಟೈರು ಏಕೆ?

ರಸ್ತೆಗೆಂದು ಮಾಡಿದ ಹೈವೇ ಟೈರಿನ, ಅಂದರೆ ‘ಎಚ್‌ಟಿ’ಯ, ಟ್ರೆಡ್ ಹೊಸದರಲ್ಲಿ ಸುಮಾರು 8 ಮಿ.ಮೀ. ಆಳವಿರುತ್ತದೆ. ಎಟಿಯದು 10 ಮಿ.ಮೀ. ದಾಟುತ್ತದೆ, ಕೆಸರಿಗೆಂದೇ ಮಾಡಿದ ‘ಎಂಟಿ’ಯದು ಇನ್ನೂ ಹೆಚ್ಚು. ಆಳ ಹೆಚ್ಚಿದ್ದರೆ ಬಾಳಿಕೆ ಹೆಚ್ಚು ಎಂದುಕೊಂಡರೆ ಅರ್ಧ ಮಾತ್ರ ಸರಿ. ದಿಮ್ಮಿಗಳ ನಡುವೆ ಖಾಲಿ ಜಾಗ ಹೆಚ್ಚಿರುವುದರಿಂದ ನೆಲ ಮುಟ್ಟುವ ರಬ್ಬರು ಕಮ್ಮಿ. ಟಾರಿನ ಮೇಲೆ ಬ್ರೇಕ್ ಹಾಕಿದಾಗ ಎತ್ತರದ ದಿಮ್ಮಿಗಳು ಬಾಗುತ್ತವೆ, ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕು. ಡೀಸೆಲ್ ಹೆಚ್ಚು ಕುಡಿಯುತ್ತದೆ. ಸದ್ದು ಬೇರೆ. ದಿಮ್ಮಿಯ ಒಂದು ಅಂಚು ಮಾತ್ರ ಸವೆದು ಇನ್ನೊಂದು ಚೂಪಾಗಿ ಉಳಿದರೆ ಆ ಸದ್ದು ದಿನೇ ದಿನೇ ಏರುತ್ತದೆ.

ಹಾಗಾದರೆ ಎಟಿ ಯಾರಿಗೆ? ಮೂಡಿಗೆರೆ, ಸಕಲೇಶಪುರದ ತೋಟದ ದಾರಿಯಲ್ಲಿ ದಿನಾ ಓಡಾಡುವವರಿಗೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಂಪು ಕೆಸರು, ಆಮೇಲೆ ಚೂಪು ಜಲ್ಲಿ. ಎಚ್‌ಟಿ ಟೈರಿನ ತೆಳು ಗ್ರೂವುಗಳಲ್ಲಿ ಕೆಸರು ತುಂಬಿಕೊಂಡರೆ ಅದು ನುಣುಪು ಟೈರಿಗೆ ಸಮ. ಎಟಿಯ ಅಗಲ ಸಂದುಗಳು ತಿರುಗುತ್ತಾ ಕೆಸರನ್ನು ಎಸೆಯುತ್ತವೆ. ಅದರ ಪಕ್ಕದ ಗೋಡೆಯೂ ಸಾಮಾನ್ಯವಾಗಿ ಗಟ್ಟಿ. ಮಲೆನಾಡಿನ ಬೊಲೆರೊಗಳನ್ನು ಗಮನಿಸಿ: 215/75 ಆರ್15, ಎತ್ತರದ ಪಕ್ಕ, ಚಿಕ್ಕ ರಿಮ್. ಕಲ್ಲಿಗೆ ಹೊಡೆದರೆ ಏಟನ್ನು ರಬ್ಬರು ನುಂಗುತ್ತದೆ, ರಿಮ್ಮಿಗೆ ತಾಗುವುದಿಲ್ಲ. ನಗರದ ಎಸ್‌ಯುವಿಗಳದು ಇದಕ್ಕೆ ಪೂರ್ತಿ ಉಲ್ಟಾ ದಾರಿ. ಹದಿನೆಂಟು, ಹತ್ತೊಂಬತ್ತು ಇಂಚಿನ ಅಲಾಯ್, ಅದರ ಸುತ್ತ ತೆಳುವಾದ ರಬ್ಬರು. ನೋಡಲು ಚೆಂದ. ಒಂದು ಒಳ್ಳೆಯ ಗುಂಡಿ ಸಿಕ್ಕರೆ ಪಕ್ಕದಲ್ಲಿ ಮೊಟ್ಟೆಯ ಗಾತ್ರದ ಉಬ್ಬು. ಉಬ್ಬು ಬಂತೆಂದರೆ ಒಳಗಿನ ದಾರಗಳು ಹರಿದಿವೆ, ಆ ಟೈರಿಗೆ ರಿಪೇರಿ ಇಲ್ಲ. ಕ್ಲೇಮಿಗೆ ಹೋದರೆ ‘ಇದು ಏಟಿನಿಂದ ಆದದ್ದು, ತಯಾರಿಕೆಯ ದೋಷವಲ್ಲ’ ಎಂಬ ಉತ್ತರ ಸಿಗುವುದೇ ಹೆಚ್ಚು. ಮಾಮೂಲಿ ವಿಮೆಯೂ ಟೈರಿಗೆ ಮಾತ್ರ ಆದ ಹಾನಿಯನ್ನು ಕೊಡುವುದಿಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಟೈರಿನ ಬೆಲೆಯ ಅರ್ಧಕ್ಕೆ ಸೀಮಿತ.

ನನ್ನ ಮಟ್ಟಿಗೆ ಹೇಳುವುದಾದರೆ, ಡಾಂಬರು ಬಿಟ್ಟು ಇಳಿಯದ ಗಾಡಿಗೆ ಒಳ್ಳೆಯ ಎಚ್‌ಟಿಯೇ ಸರಿ. ಎಟಿಯನ್ನು ನೋಟಕ್ಕಾಗಿ ಹಾಕಿಸುವುದು ಅವರವರ ಇಷ್ಟ, ಆದರೆ ಮಳೆಯಲ್ಲಿ ಬ್ರೇಕಿನ ದೂರವನ್ನು ಕೊಟ್ಟು ಆ ನೋಟವನ್ನು ಕೊಂಡಿದ್ದೇವೆಂದು ಗೊತ್ತಿರಲಿ.

ಮಳೆಯ ಮಾತು ಬಂತು. ಕಾನೂನಿನ ಪ್ರಕಾರ ಕಾರು, ಎಸ್‌ಯುವಿಗಳ ಟ್ರೆಡ್ 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಲೇಬೇಕು. ಗ್ರೂವಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಪಟ್ಟಿಗಳಿರುತ್ತವೆ, ಭುಜದ ಮೇಲೆ ‘ಟಿಡಬ್ಲ್ಯುಐ’ ಎಂದೋ ತ್ರಿಕೋನವೋ ಅದರ ಜಾಗ ತೋರಿಸುತ್ತದೆ. ಟ್ರೆಡ್ ಸವೆದು ಆ ಪಟ್ಟಿಗೆ ಸಮವಾದರೆ ಆಟ ಮುಗಿಯಿತು. ಆದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಕಾಣುವ ಆಗುಂಬೆಯ ಘಟ್ಟ ಇಳಿಯುವವರು 1.6ರ ತನಕ ಕಾಯುವುದು ಜಾಣತನವಲ್ಲ. ಗ್ರೂವು ಇರುವುದೇ ಅಡಿಗೆ ಸಿಕ್ಕ ನೀರನ್ನು ಹೊರಗೆ ತಳ್ಳಲು. 3 ಮಿ.ಮೀ.ಗಿಂತ ಕೆಳಗಿಳಿದರೆ ಆ ಶಕ್ತಿ ವೇಗವಾಗಿ ಕುಗ್ಗುತ್ತದೆ. ನೀರು ಹೊರಹೋಗದಿದ್ದರೆ ಟೈರು ಅದರ ಮೇಲೇರಿ ತೇಲುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಏನೂ ಆಗುವುದಿಲ್ಲ. ವಿಮಾನದ ಟೈರುಗಳ ಮೇಲೆ ನಾಸಾ ಮಾಡಿದ ಅಧ್ಯಯನದಿಂದ ಬಂದ ಹಳೆಯ ಸೂತ್ರವೊಂದರ ಪ್ರಕಾರ, ರಸ್ತೆಯಲ್ಲಿ ನೀರು ನಿಂತಿದ್ದರೆ 33 ಪಿಎಸ್‌ಐನ ಟೈರು ತೇಲುವುದು ಗಂಟೆಗೆ ಸುಮಾರು 96 ಕಿ.ಮೀ. ವೇಗದಲ್ಲಿ, 25 ಪಿಎಸ್‌ಐನದು 83ರಲ್ಲೇ. ಕಾರಿಗೆ ಅದು ಅಂದಾಜು ಮಾತ್ರ. ಆದರೂ ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಮಿತಿ 100 ಎಂಬುದನ್ನು ನೆನೆದರೆ ಮಳೆಗಾಲದಲ್ಲಿ ಗಾಳಿ ನೋಡಿಕೊಳ್ಳುವುದು ಬಾಳಿಕೆಯ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.

ಎಷ್ಟು ಓಡುತ್ತದೆ ಎಂಬುದನ್ನು ಅಂಗಡಿಯವರಿಂದ ಕೇಳುವ ಬದಲು ಮನೆಯಲ್ಲೇ ಲೆಕ್ಕ ಹಾಕಬಹುದು. ಹೊಸದರಲ್ಲಿ 8 ಮಿ.ಮೀ. ಇದ್ದದ್ದು 20 ಸಾವಿರ ಕಿಲೋಮೀಟರಿಗೆ 5.5 ಆಗಿದೆ ಎನ್ನಿ. ಹೋದದ್ದು 2.5 ಮಿ.ಮೀ., ಅಂದರೆ ಎಂಟು ಸಾವಿರಕ್ಕೆ ಒಂದು ಮಿ.ಮೀ. 3ಕ್ಕೆ ನಿಲ್ಲಿಸುವುದಾದರೆ ಇನ್ನೂ 20 ಸಾವಿರ ಬರುತ್ತದೆ. ಅಮೆರಿಕದ ಪದ್ಧತಿಯ ‘ಟ್ರೆಡ್‌ವೇರ್’ ಅಂಕಿಯೂ ಕೆಲವು ಟೈರುಗಳ ಮೇಲಿರುತ್ತದೆ: 300, 400, 500. ಟೆಕ್ಸಾಸ್‌ನ ನಿಗದಿತ ರಸ್ತೆಯಲ್ಲಿ 7,200 ಮೈಲಿ ಓಡಿಸಿ, 100 ಎಂದು ಗುರುತಿಸಿದ ಮಾನಕ ಟೈರಿಗೆ ಹೋಲಿಸಿ ಕೊಡುವ ಅಂಕಿ ಅದು. ಆದರೆ ಅಂಕಿ ಹಾಕುವವರು ತಯಾರಕರೇ, ಹೀಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಬಳಸಿ, ಎರಡು ಕಂಪನಿಗಳ ನಡುವೆ ಅದನ್ನು ನೆಚ್ಚಬೇಡಿ. ಬಾಳಿಕೆ ಹೆಚ್ಚಿಸಲು ಗಟ್ಟಿ ರಬ್ಬರು ಹಾಕಿದರೆ ಹಿಡಿತ ಕಮ್ಮಿಯಾಗುತ್ತದೆ, ಹಿಡಿತಕ್ಕೆ ಮೆದು ಮಾಡಿದರೆ ಬೇಗ ಸವೆಯುತ್ತದೆ. ಕಾರ್ಬನ್ ಬ್ಲ್ಯಾಕ್ ಜೊತೆಗೆ ಸಿಲಿಕಾ ಬೆರೆಸಲು ಕಲಿತ ಮೇಲೆ ಈ ಜಗ್ಗಾಟ ಸಡಿಲಾಗಿದೆ, ನಿಂತಿಲ್ಲ. 80 ಸಾವಿರ ಓಡುತ್ತದೆಂದು ಹೊಗಳುವ ಟೈರು ಮಳೆಯಲ್ಲಿ ಹೇಗೆ ನಿಲ್ಲುತ್ತದೆ ಎಂದು ಕೇಳಲೇಬೇಕು. ಒದ್ದೆ ರಸ್ತೆಯ ಹಿಡಿತ, ಉರುಳುವ ಪ್ರತಿರೋಧ ಮತ್ತು ಸದ್ದಿಗೆ ನಮ್ಮಲ್ಲಿ ಮಾನದಂಡ ಬಂದದ್ದೇ ತಡವಾಗಿ: ಕೇಂದ್ರ ಸಾರಿಗೆ ಸಚಿವಾಲಯ ಜೂನ್ 2022ರಲ್ಲಿ ಅಧಿಸೂಚನೆ ಹೊರಡಿಸಿ, ಎಐಎಸ್-142 ಮಾನಕವನ್ನು ಅದೇ ಅಕ್ಟೋಬರ್‌ನಿಂದ ಹೊಸ ವಿನ್ಯಾಸಗಳಿಗೆ ಕಡ್ಡಾಯ ಮಾಡಿತು. ಬಾಳಿಕೆಗೆ ಅದರಲ್ಲಿ ಜಾಗವಿಲ್ಲ.

ಸವೆದ ರಬ್ಬರು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಮೇಲಿನ ಸೈಜಿನ ಟೈರೊಂದು ಪೂರ್ತಿ ಸವೆಯುವಷ್ಟರಲ್ಲಿ ನನ್ನ ಲೆಕ್ಕದಲ್ಲಿ ಸುಮಾರು ಎರಡು ಕಿಲೋ ಕಳೆದುಕೊಂಡಿರುತ್ತದೆ. ಅದು ರಸ್ತೆಬದಿಯ ದೂಳು, ಚರಂಡಿ, ಕೆರೆ. ಯುರೋಪು ತನ್ನ ಯುರೋ 7 ನಿಯಮದಲ್ಲಿ ಟೈರಿನ ಸವೆತಕ್ಕೂ ಮಿತಿ ಹಾಕಲು ಹೊರಟಿದೆ. ಆ ರಬ್ಬರಿನ ಇನ್ನೊಂದು ತುದಿ ನಮ್ಮ ಹತ್ತಿರವೇ ಇದೆ: ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಇಳಿಸುವ ಹಾಲು. ಮೈಸೂರಿನಲ್ಲಿ ವಿಕ್ರಾಂತ್ ಎಂಬ ಹೆಸರಿನಲ್ಲಿ ಶುರುವಾದ ಟೈರು ಕಾರ್ಖಾನೆ ಈಗ ಜೆಕೆ ಟೈರ್ ಕೈಯಲ್ಲಿದೆ.

ಕಡೆಯದಾಗಿ ವಯಸ್ಸು. ವರ್ಷಕ್ಕೆ ಐದಾರು ಸಾವಿರ ಮಾತ್ರ ಓಡುವ, ಭಾನುವಾರದ ಎಸ್‌ಯುವಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಇವುಗಳ ಟ್ರೆಡ್ ಆರು ವರ್ಷವಾದರೂ ತುಂಬಿ ತುಳುಕುತ್ತಿರುತ್ತದೆ, ಮಾಲೀಕರಿಗೆ ನೆಮ್ಮದಿ. ಅಷ್ಟರಲ್ಲಿ ಬಿಸಿಲು, ಓಝೋನ್ ಸೇರಿ ರಬ್ಬರನ್ನು ಗಡುಸು ಮಾಡಿರುತ್ತವೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಂಡಿರುತ್ತದೆ. ಟೈರಿನ ಪಕ್ಕದಲ್ಲಿ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತು ದಾಟಿದ್ದನ್ನು ಟ್ರೆಡ್ ಎಷ್ಟೇ ಇರಲಿ ಬಿಸಾಡಬೇಕು. ಹಿಂದೆ ತೂಗುವ ಸ್ಟೆಪ್ನಿಗೂ ಇದೇ ಲೆಕ್ಕ. ಹೊಸ ಟೈರು ಕೊಳ್ಳುವಾಗಲೂ ಮೊದಲು ಈ ನಾಲ್ಕು ಅಂಕಿ ನೋಡಿಯೇ ದುಡ್ಡು ಕೊಡಿ. ‘ಆಫರ್’ ಎಂದು ಕೊಡುವ ಟೈರು ಗೋದಾಮಿನಲ್ಲಿ ಎರಡು ವರ್ಷ ಮಲಗಿದ್ದೂ ಇರಬಹುದು. ಸೆಪ್ಟೆಂಬರ್ 22, 2025ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ, ಉಳಿದ ದುಡ್ಡಿನಲ್ಲಿ ಒಂದು ಗಾಳಿ ಗೇಜು, ಒಂದು ಟ್ರೆಡ್ ಗೇಜು ಕೊಳ್ಳಿ. ಎರಡೂ ಸೇರಿ ಕೆಲವೇ ನೂರು ರೂಪಾಯಿ.